ಅಕ್ಕ ಮೆಚ್ಚಿದ ಮುಖ

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಫೋಟೋ ಸ್ಟುಡಿಯೋದಲ್ಲಿ ನನ್ನ ಪಾಲಿಗೆ ಬರುವ ಕೆಲಸದಲ್ಲಿ ಅರ್ಧದಷ್ಟು ಸತ್ತವರ ಫೋಟೋಗಳದು. ಮನೆಯಲ್ಲಿ ಯಾರಾದರೂ ತೀರಿಕೊಂಡ ಮೇಲೆಯೇ ಜನಕ್ಕೆ ನೆನಪಾಗುವುದು, ಅವರದೊಂದು ನೆಟ್ಟಗಿನ ಫೋಟೋ ಇಲ್ಲವೆಂದು. ಮದುವೆ ಗುಂಪಿನ ಮೂಲೆಯಲ್ಲಿ ನಿಂತ ಮುಖವನ್ನೋ ಆಧಾರ್ ಕಾರ್ಡಿನ ಮಸುಕು ಮುಖವನ್ನೋ ತರುತ್ತಾರೆ. ನಾನು ಕಂಪ್ಯೂಟರಿನಲ್ಲಿ ಕತ್ತರಿಸಿ, ನೀಲಿ ಕೋಟು, ಕೆಂಪು ಟೈ ಹಾಕಿಕೊಡುತ್ತೇನೆ. ಇರುವುದು ಒಂದೇ ಕೋಟು. ಬದುಕಿದ್ದಾಗ ಪಂಚೆ ಬಿಟ್ಟು ಬೇರೇನೂ ಉಡದವರೂ ಗೋಡೆಯ ಮೇಲೆ ಮ್ಯಾನೇಜರ್ ಆಗಿಬಿಡುತ್ತಾರೆ. ಮೊದಲೆಲ್ಲ ನನಗದು ನಗು ತರಿಸುತ್ತಿತ್ತು.

ನನ್ನ ಅಕ್ಕ ಗಂಡ ತೀರಿಕೊಂಡ ಮೇಲೆ ಅಮ್ಮನ ಮನೆಗೆ ಬಂದು ಬಟ್ಟೆ ಹೊಲಿಯುತ್ತಿದ್ದವಳು. ಕಳೆದ ವರ್ಷ ಇದ್ದಕ್ಕಿದ್ದಂತೆ ಹಾಡು ಗುನುಗತೊಡಗಿದಳು. ಸಂಗಾತಿ ಹುಡುಕುವ ಆ್ಯಪ್ ಒಂದರಲ್ಲಿ ಒಬ್ಬರು ಸಿಕ್ಕಿದ್ದರು. ಮೂಲ ಮಾಲೂರಂತೆ, ಹಡಗಿನಲ್ಲಿ ಇಂಜಿನಿಯರಂತೆ, ಹೆಂಡತಿ ತೀರಿಕೊಂಡಿದ್ದಾರಂತೆ. ಬೆಳಗ್ಗೆ ಗುಡ್ ಮಾರ್ನಿಂಗು, ಮಧ್ಯಾಹ್ನ ಊಟ ಆಯ್ತಾ. ವಿಡಿಯೋ ಕಾಲ್ ಮಾತ್ರ ಆಗದು, ಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲವಂತೆ. ದಿನವಿಡೀ ಮೆಸೇಜ್ ತರುವ ನೆಟ್‌ವರ್ಕು ಮುಖ ತೋರಿಸಲು ಏಕೆ ಸಾಲದು ಎಂದು ಕೇಳಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡಳು. ಅವಳಿಗೆಂದು ಕಳಿಸಿದ ಉಡುಗೊರೆ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದಿದೆ, ಹಣ ಕಟ್ಟಿ ಬಿಡಿಸಿಕೊಳ್ಳಬೇಕು ಎಂದು ಅವರು ಬರೆದ ದಿನ, ಭಾವ ಮಾಡಿಸಿಕೊಟ್ಟ ಸರವನ್ನು ಅಡವಿಡಲು ಹೊರಟು ನಿಂತಳು. ಭಾವನ ನೆನಪಿಗೆ ಉಳಿದದ್ದು ಅದೊಂದೇ. ನಾನು ಬಾಗಿಲಿಗೆ ಅಡ್ಡ ನಿಂತು, ಅವರ ಫೋಟೋವನ್ನಾದರೂ ತೋರಿಸು ಎಂದೆ.

ಫೋನು ಚಾಚಿದಳು. "ಈ ಕಣ್ಣು ನೋಡೋ. ಎಷ್ಟೋ ವರ್ಷದಿಂದ ಗೊತ್ತಿರೋರು ಅನ್ನಿಸುತ್ತೆ ಕಣೋ."

ಮೊದಲು ಕಂಡದ್ದು ಕೋಟು. ನಮ್ಮ ಸ್ಟುಡಿಯೋದ ಕೋಟು. ಆಮೇಲೆ ಮುಖ. ಗೌನಿಪಲ್ಲಿ ಕಡೆಯ ಗಾರೆ ಕೆಲಸದವರದು, ಅವರು ತೀರಿಕೊಂಡು ವರ್ಷದ ಮೇಲಾಗಿತ್ತು. ಅವರದೆಂದು ಮನೆಯವರ ಬಳಿ ಇದ್ದ ಒಂದೇ ಸ್ಪಷ್ಟವಾದ ಫೋಟೋ ಸತ್ತ ಮೇಲೆ ತೆಗೆದದ್ದು, ಕಣ್ಣು ಮುಚ್ಚಿತ್ತು. ಅಂಥ ಮುಖಕ್ಕೆ ಬೇರೆ ಯಾರದಾದರೂ ಕಣ್ಣು ತಂದು ಕೂರಿಸುವುದು ನಮ್ಮ ಕಸುಬಿನಲ್ಲಿ ಉಂಟು. ಅವತ್ತು ಯಾವುದೂ ಒಪ್ಪದೆ ನನ್ನ ಕಣ್ಣುಗಳನ್ನೇ ಕೂರಿಸಿದ್ದೆ. ಅವರ ಹೆಂಡತಿ ನೋಡಿ, ಹೀಗೇ ನೋಡ್ತಿದ್ರು ಎಂದು ಅತ್ತಿದ್ದರು. ಮಗ ಅದನ್ನು ಫೇಸ್‌ಬುಕ್ಕಿಗೆ ಹಾಕಿದ್ದ. ಅಲ್ಲಿಂದ ಯಾರೋ ಎತ್ತಿಕೊಂಡಿದ್ದರು. ಈಗ ಅಕ್ಕನ ಅಂಗೈಯಲ್ಲಿ ಕೂತು ನನ್ನನ್ನು ನಾನೇ ನೋಡುತ್ತಿದ್ದೆ.

ಹೇಳಿದರೆ ನಂಬಲಿಲ್ಲ. ತಾನು ಕೊನೆತನಕ ಒಂಟಿಯಾಗೇ ಇರಲೆಂದು ಕಥೆ ಕಟ್ಟುತ್ತಿದ್ದೇನೆಂದು ರೇಗಿದಳು. ಸ್ಟುಡಿಯೋಗೆ ಕರೆದೊಯ್ದು ಹಳೆಯ ಫೈಲು ತೆರೆದೆ. ಅದೇ ಮುಖ, ಅದೇ ಕೋಟು. ಮೊದಲು ಕೋಟು ತೆಗೆದೆ. ಬರಿ ಮೈ, ಅದರ ಮೇಲೆ ಹೂವಿನ ಹಾರ. ಆಮೇಲೆ ಕಣ್ಣುಗಳನ್ನು ತೆಗೆದೆ. ಅವಳು ಮೆಚ್ಚಿದ ಮುಖ ಅವಳೆದುರಿಗೇ ಕಣ್ಣು ಮುಚ್ಚಿಕೊಂಡಿತು.

ಆಗಲೇ ಅವಳ ಫೋನು ಟಿಂಗ್ ಎಂದಿತು. ಇಬ್ಬರೂ ಬಗ್ಗಿ ನೋಡಿದೆವು. ಊಟ ಆಯ್ತಾ ಎಂದು ಕೇಳುತ್ತಿದ್ದರು.

ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಎಲ್ಲೋ ಕೂತ ಕಳ್ಳನೊಬ್ಬ ಟೈಪ್ ಮಾಡುತ್ತಿದ್ದಾನೆಂದು ಗೊತ್ತಿದ್ದೂ ಮತ್ತೆ ಕಂಪ್ಯೂಟರಿನ ಪರದೆಯ ಕಡೆ ತಿರುಗಲಾಗಲಿಲ್ಲ. ಅಕ್ಕ ಮಾತ್ರ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಉತ್ತರ ಬರೆಯದೆ ನಂಬರನ್ನು ಬ್ಲಾಕ್ ಮಾಡಿದಳು.

ಮನೆಗೆ ಬಂದವಳು ಹೊಸಿಲು ದಾಟಲಿಲ್ಲ. ಹೊರಗಿನಿಂದಲೇ ಹಿತ್ತಿಲಿಗೆ ಸುತ್ತಿ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ನಮ್ಮಲ್ಲಿ ಹಾಗೆ ಮಾಡುವುದು ಸಾವಿನ ಮನೆಯಿಂದ ಬಂದವರು. ಅಮ್ಮ ಓಡಿಬಂದಳು. ಗಾಬರಿಯಾದರೆ ಅವಳ ಬಾಯಿಗೆ ಬರುವುದು ತೆಲುಗೇ. ಯಾರು ಹೋದದ್ದು ಎಂದು ಕೇಳಿದಳು.

"ನಮ್ಮೋರೇ ಕಣಮ್ಮ" ಎಂದು ಅಕ್ಕ ಇನ್ನೊಂದು ಚೊಂಬು ಸುರಿದುಕೊಂಡಳು.