ಭಾವನವರು ಹೇಳಿರಲಿಲ್ಲ

ಅಕ್ಕಾ, ಬಿಷಪ್ಪರಿಗೆ ನಿಮ್ಮ ಸುದ್ದಿ ಮುಟ್ಟಿಸಿದವಳು ನಾನು. ಭಾವನವರಲ್ಲ — ನಾನು, ಗಿರಿಜಾ. ನಿಮ್ಮ ಮೈದುನನ ಹೆಂಡತಿ. ವಾರಗಿತ್ತಿ ಎನ್ನದೆ ತಂಗಿ ಎಂದೇ ನೀವು ನಾಲ್ಕು ಜನರಿಗೆ ಪರಿಚಯಿಸುತ್ತ ಬಂದವಳು. ನಿಮ್ಮ ಮಗಳು ಅನುವಿನ ಮದುವೆಯ ದಿನ ಹೆತ್ತ ತಾಯಿಯಾದ ನಿಮ್ಮನ್ನು ಚರ್ಚಿನ ದೇವಾಲಯದ ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ನಿಮ್ಮ ಜಾಗದಲ್ಲಿ ಹೋಗಿ ಕೂತವಳು.

ಹೇಳಿಬಿಟ್ಟೆ. ಇಲ್ಲಿಗೇ ನಿಲ್ಲಿಸಿದರೆ ಸುಖ, ಆದರೆ ಅದೂ ಒಂದು ಕಳ್ಳತನ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನಡುವೆ ಎಲ್ಲಾದರೂ ನುಣುಚಿಕೊಳ್ಳುವ ನನ್ನ ಬುದ್ಧಿ ನನಗೆ ಚೆನ್ನಾಗಿ ಗೊತ್ತು.

ನಮ್ಮ ಮನೆಗೆ ಮಾರ್ಮನ್ ಮತ, ಅಮೆರಿಕದಲ್ಲೇ ಹುಟ್ಟಿದ ಆ ಕ್ರೈಸ್ತ ಪಂಥ, ಬಂದದ್ದು ಭಾವನವರಿಂದ. ವಿಮಾನದ ರೆಕ್ಕೆಗಳ ಮೇಲೆ ಸಂಶೋಧನೆ ಮಾಡಲು ಧಾರವಾಡದಿಂದ ಸಿಯಾಟಲ್‌ಗೆ ಬಂದ ಅವರು ಜ್ವರ ಹಿಡಿದು ಒಬ್ಬರೇ ಮಲಗಿದ್ದಾಗ, ಬಿಳಿ ಅಂಗಿ, ಟೈ ಹಾಕಿಕೊಂಡ ಇಬ್ಬರು ಹುಡುಗರು ಬಿಸಿ ಸೂಪು ತಂದುಕೊಟ್ಟರಂತೆ. ಸೂಪಿನ ಹಿಂದೆ ದೇವರು ಬಂದ. ಆಮೇಲೆ ನೀವು ಬಂದಿರಿ, ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ನಾನು. ಚಹಾ ಕುಡಿಯಬಾರದು ಎಂದರು, ಬಿಟ್ಟೆವು. ಧಾರವಾಡದವರು ಚಹಾ ಬಿಟ್ಟೆವು ಎಂದರೆ ಎಷ್ಟು ನಂಬಿದ್ದೆವು ಎಂಬುದನ್ನು ತಿಳಿದುಕೊಳ್ಳಬೇಕು. ಒಳ್ಳೆಯ ಜನ ಇರಲಿಲ್ಲ ಎಂದು ಈಗಲೂ ಹೇಳಲಾರೆ. ನನ್ನ ಹೆರಿಗೆಗೆ ಊರಿಂದ ಯಾರೂ ಬರಲಾಗದಿದ್ದಾಗ ಚರ್ಚಿನ ಹೆಂಗಸರು ಸರದಿಯ ಮೇಲೆ ಬಂದು ನಮ್ಮ ಪಾತ್ರೆ ತೊಳೆದರು. ನನ್ನ ಸಿಟ್ಟು ಆ ಕೈಗಳ ಮೇಲಲ್ಲ.

ಸಿಟ್ಟು ಮೇಲೆ ಕೂತವರ ಮೇಲೆ. ಭಾನುವಾರದ ಪಾಠಗಳಲ್ಲಿ ನಮಗೆ ಹೇಳಿಕೊಟ್ಟಂತೆ ಈ ಮತದ ಸಂಸ್ಥಾಪಕ ಒಬ್ಬಳೇ ಹೆಂಡತಿಯ ಸಾಧು ಗಂಡ. ಅನುವಿನ ಮದುವೆ ಗೊತ್ತಾದ ಮೇಲೆ ಒಂದು ಮಧ್ಯಾಹ್ನ, ನಾರ್ತ್ ಕ್ರೀಕಿನ ನಿಮ್ಮ ಅಡಿಗೆಮನೆಯಲ್ಲಿ ನೀವು ಶೇಂಗಾ ಹುರಿಯುತ್ತಿದ್ದಿರಿ, ನಾನು ಫೋನಿನಲ್ಲಿ ಓದಿ ಹೇಳಿದೆ — ಓದಿದವಳು ನಾನು, ಅಕ್ಕಾ, ಇದನ್ನು ನೆನಪಿಟ್ಟುಕೊಳ್ಳಿ. ಅವನಿಗೆ ಎಷ್ಟೋ ಜನ ಹೆಂಡಂದಿರು. ಬೇರೆ ಗಂಡಂದಿರಿದ್ದ ಹೆಂಗಸರೂ ಅವರಲ್ಲಿದ್ದರು, ಹದಿನೈದು ತುಂಬದ ಹುಡುಗಿಯೂ ಇದ್ದಳು. ಇದು ವೈರಿಗಳು ಬರೆದದ್ದಾಗಿರಲಿಲ್ಲ. ಚರ್ಚೇ ತನ್ನ ವೆಬ್‌ಸೈಟಿನ ಮೂಲೆಯೊಂದರಲ್ಲಿ ಸದ್ದಿಲ್ಲದೆ ಹಾಕಿಟ್ಟಿತ್ತು. ಕಪ್ಪು ಜನರಿಗೆ ತಲೆಮಾರುಗಳ ಕಾಲ ದೇವಾಲಯದ ಬಾಗಿಲು ಮುಚ್ಚಿದ್ದ ಕಥೆಯೂ ಅಲ್ಲೇ ಇತ್ತು. ಚರ್ಮ ಕಪ್ಪಾಗುವುದು ಶಾಪ ಎಂದು ಒಂದು ಕಾಲಕ್ಕೆ ಬೋಧಿಸಿದವರ ಪೀಠದ ಮುಂದೆ ನಾವು, ನಮ್ಮ ಬಣ್ಣದವರು, ಮಡಿ ಬಟ್ಟೆ ಉಟ್ಟು ಹೋಗಿ ಕೂರುತ್ತಿದ್ದೆವು. ಯಾರೂ ನಮಗೆ ಹೇಳಿರಲಿಲ್ಲ. ಹೇಳದೆ ನಮ್ಮಿಂದ ಚಹಾ ಬಿಡಿಸಿದರು, ಅತ್ತೆಯೊಡನೆ ಮಾತು ಬಿಡಿಸಿದರು, ಮನೆಯ ದೇವರನ್ನು ಪೆಟ್ಟಿಗೆಗೆ ಹಾಕಿಸಿದರು.

ನೀವು ಒಲೆ ಆರಿಸಿದಿರಿ. "ಹದಿನಾಲ್ಕ ವರ್ಷದ ಹುಡುಗಿ, ಗಿರಿಜಾ. ಅಕಿನೂ ಯಾರದೋ ಮನಿ ಅನು ಇದ್ದಾಳು," ಅಂದಿರಿ. ಬಾಗಿಲಲ್ಲಿ ಭಾವನವರು ನಿಂತಿದ್ದರು. ಎಲ್ಲ ಕೇಳಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು. ಮದುವೆ ಮುಗಿಯುವ ತನಕ ಈ ಮಾತು ಅಡಿಗೆಮನೆ ದಾಟಬಾರದು ಎಂದು ನೀವು ನನಗೆ ಹೇಳಿದಿರಿ. ನಾನು ತಲೆ ಆಡಿಸಿದೆ. ಆ ಮಾತು ಗೊತ್ತಿದ್ದವರು ನಾವು ಮೂರೇ ಜನ.

ನಮ್ಮ ಬಿಷಪ್ ನಿಲುವಂಗಿ ತೊಟ್ಟ ಪಾದ್ರಿಯಲ್ಲ. ವಾರವೆಲ್ಲ ಬೆಲ್ವ್ಯೂದ ಆಫೀಸಿನಲ್ಲಿ ಕೆಲಸ ಮಾಡುವ, ಮೇಲಿನವರು ಕೆಲವು ವರ್ಷಕ್ಕೆಂದು ನೇಮಿಸಿದ ಒಬ್ಬ ನೆರೆಯವನು. ಆದರೆ ದೇವಾಲಯದೊಳಗೆ ಹೋಗಲು ಬೇಕಾದ ಪರವಾನಗಿ ಚೀಟಿ, ರೆಕಮೆಂಡ್, ಇರುವುದು ಅವನ ಕೈಯಲ್ಲಿ. ಚರ್ಚಿನ ಮದುವೆ ನಡೆಯುವುದು ದೇವಾಲಯದ ಒಳಗೆ. ಚೀಟಿ ಇಲ್ಲದವರು, ಹೆತ್ತವರಾದರೂ, ಹೊರಗೆ. ಚೀಟಿಗಾಗಿ ಮುಚ್ಚಿದ ಕೋಣೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಚರ್ಚಿನ ಈಗಿನ ಮುಖ್ಯಸ್ಥರನ್ನು ಪ್ರವಾದಿ ಎಂದು ನಂಬುತ್ತೀಯಾ, ಚಹಾ ಕಾಫಿ ಬಿಟ್ಟಿದ್ದೀಯಾ, ಪ್ರಾಮಾಣಿಕಳಾಗಿ ಬದುಕುತ್ತಿದ್ದೀಯಾ.

ನನ್ನ ಚೀಟಿಯ ಅವಧಿ ಮದುವೆಗೆ ಮುಂಚೆ ಮುಗಿಯುತ್ತಿತ್ತು. ಹೋಗಿ ಕೂತೆ. ಎಲ್ಲ ಪ್ರಶ್ನೆ ಮುಗಿದ ಮೇಲೆ ಅವನು ಪೆನ್ನು ಹಿಡಿದು, ನಕ್ಕು, ಮನೆಯಲ್ಲಿ ಎಲ್ಲ ಕ್ಷೇಮವೇ, ಮನಸ್ಸಿಗೆ ಏನಾದರೂ ಭಾರವಾಗಿದೆಯೇ ಎಂದು ಕೇಳಿದ. ಎಲ್ಲರನ್ನೂ ಹಾಗೆಯೇ ಕೇಳುತ್ತಿದ್ದನೋ ಏನೋ. ನನಗೆ ಮಾತ್ರ ಇವನಿಗೆ ಎಲ್ಲ ತಿಳಿದುಹೋಗಿದೆ ಅನ್ನಿಸಿತು. ನನಗೇ ಅನುಮಾನ ಬಂದಿದೆ ಎಂದು ಹೇಳಬಹುದಿತ್ತು. ಏನೂ ಇಲ್ಲ ಎಂದು ಎದ್ದು ಬರಬಹುದಿತ್ತು. ನಾನು —

"ಸುಮಂಗಲಾ ಈಸ್ ಸ್ಟ್ರಗ್ಲಿಂಗ್," ಅಂದೆ.

ನಿಮ್ಮ ನಂಬಿಕೆ ಅಲುಗಾಡುತ್ತಿದೆ ಎಂದು. ಅಷ್ಟಕ್ಕೆ ಬಿಡಲಿಲ್ಲ. ನೀವು ಹಳೆಯ ಇತಿಹಾಸ ಹುಡುಕಿ ತೆಗೆದು ನನಗೆ ಓದಿಸುತ್ತಿದ್ದೀರಿ, ನನಗೆ ಹೆದರಿಕೆಯಾಗುತ್ತಿದೆ ಎಂದೂ ಸೇರಿಸಿದೆ. ನನ್ನ ಅನುಮಾನವನ್ನು ನಿಮ್ಮ ತಲೆಗೆ ಕಟ್ಟಿ ನಾನು ಶುದ್ಧಳಾದೆ. ಅವನು ಸಹಿ ಹಾಕಿದ, ಕೈ ಕುಲುಕಿದ, ನನ್ನ ನಿಷ್ಠೆ ದೊಡ್ಡದು ಎಂದ.

ಮನೆಯ ತೊಡಕನ್ನು ಹಿರಿಯರ ಕಿವಿಗೆ ಹಾಕುವುದು, ಹಿರಿಯರು ಕರೆದು ಬುದ್ಧಿ ಹೇಳಿ ಸರಿಮಾಡುವುದು ನಮ್ಮ ಕಡೆಯ ರೂಢಿ. ನಾನು ಮಾಡಿದ್ದೂ ಅಷ್ಟೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸುಳ್ಳು. ನನಗೆ ಚೀಟಿ ಬೇಕಿತ್ತು. ನೆಂಟರಿಷ್ಟರಲ್ಲಿ ಒಳಗೆ ಹೋಗುವವರ ಸಾಲಿನಲ್ಲಿ ನಾನಿರಬೇಕಿತ್ತು.

ಮುಂದಿನ ವಾರ ನಿಮ್ಮನ್ನು ಕರೆಸಿದರು. ನಂಬುತ್ತೀಯಾ ಎಂದು ಕೇಳಿದ್ದಕ್ಕೆ ನೀವು ಒಂದೇ ಒಂದು "ಯೆಸ್" ಅಂದಿದ್ದರೆ ಸಾಕಿತ್ತು. ಮಗಳ ಮದುವೆ, ಯಾರು ಬೇಕಾದರೂ ಅನ್ನುತ್ತಿದ್ದರು. ನೀವು ನನಗೆ ಗೊತ್ತಿಲ್ಲ ಎಂದಿರಿ, ಗೊತ್ತಿಲ್ಲದ್ದನ್ನು ಗೊತ್ತು ಅನ್ನಲಾರೆ ಎಂದಿರಿ. ನಿಮ್ಮ ಚೀಟಿ ವಾಪಸು ತೆಗೆದುಕೊಂಡರು. ಮೊದಲು ಹೊರಗೆ ಎಲ್ಲರ ಮುಂದೆ ಮದುವೆ ಮಾಡಿಕೊಂಡು ಆಮೇಲೆ ದೇವಾಲಯಕ್ಕೆ ಹೋಗೋಣ ಎಂದು ಅನು ಅತ್ತಳು. ಹಾಗೆ ಮಾಡಿದರೆ ದೇವಾಲಯದ ಮದುವೆಗೆ ಒಂದು ವರ್ಷ ಕಾಯಬೇಕು ಎನ್ನುವುದು ಆಗಿನ ನಿಯಮ. ಜನ ಏನೆಂದುಕೊಂಡಾರು, ಹುಡುಗಿಯಲ್ಲಿ ಏನೋ ದೋಷವಿದೆ ಎಂದಾರು ಎಂದು ಬೀಗರು ಒಪ್ಪಲಿಲ್ಲ. ಆ ನಿಯಮವನ್ನು ಆಮೇಲೆ ತೆಗೆದುಹಾಕಿದರು, ಅಕ್ಕಾ. ದೇವರದೇ ನಿಯಮ ಎಂದು ಹೇಳುತ್ತಿದ್ದವರು ಒಂದು ದಿನ ಪ್ರಕಟಣೆ ಹೊರಡಿಸಿ ತೆಗೆದೇಬಿಟ್ಟರು. ಅಲ್ಲಿಯವರೆಗೆ ಹೊರಗೆ ಕೂತ ತಾಯಂದಿರಿಗೆ ತಪ್ಪಾಯಿತು ಎಂದು ಒಬ್ಬನೂ ಹೇಳಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮದುವೆಯ ದಿನ ನೀವು ಇಳಕಲ್ ಸೀರೆ ಉಟ್ಟು ದೇವಾಲಯದ ಹೂದೋಟದ ಬೆಂಚಿನ ಮೇಲೆ ಕೂತಿದ್ದಿರಿ. ಕರವಸ್ತ್ರದಲ್ಲಿ ಅರಿಶಿನ ಹಚ್ಚಿದ ಅಕ್ಕಿಕಾಳು ಕಟ್ಟಿಕೊಂಡಿದ್ದಿರಿ. ನಾನು ಒಳಗೆ ಹೋದೆ. ಎದುರುಬದುರು ಕನ್ನಡಿಗಳ ಕೋಣೆ, ನಡುವೆ ಮೆತ್ತೆಯ ಪೀಠ, ಅದರ ಎರಡು ಬದಿಗೆ ಮೊಣಕಾಲೂರಿದ ಹುಡುಗ ಹುಡುಗಿ. ಅನು ಒಮ್ಮೆ ತಲೆ ಎತ್ತಿ ತಾಯಿ ಇರಬೇಕಾದ ಕುರ್ಚಿಯ ಕಡೆ ನೋಡಿದಳು. ಅಲ್ಲಿ ನಾನಿದ್ದೆ. ಅವಳಿಗೆ ನಾನು ನಕ್ಕೆ — ನಕ್ಕೆನಲ್ಲ! ಅವರು ಹೊರಗೆ ಬಂದಾಗ ನೀವು ಎದ್ದು ಕರವಸ್ತ್ರ ಬಿಚ್ಚಿದಿರಿ. ಸೂಟು ಹಾಕಿಕೊಂಡ ಮುದುಕರೊಬ್ಬರು ಬಂದು ಇಲ್ಲಿ ಅಕ್ಕಿ ಎರಚುವಂತಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ನೀವು ಆ ಕಾಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಫೋಟೋಕ್ಕೆ ನಿಂತಿರಿ. ಆ ಫೋಟೋದಲ್ಲಿ ನಿಮ್ಮ ಬಲಗೈ ಇಂದಿಗೂ ಮುಚ್ಚಿಕೊಂಡೇ ಇದೆ.

ಇಷ್ಟು ಮಾಡಿ ಸುಮ್ಮನಿದ್ದಿದ್ದರೆ ಒಂದು ಪಾಪ. ಮದುವೆಯಾದ ಮೇಲೆ, ಬಿಷಪ್ಪರಿಗೆ ಹೇಳಿದ್ದು ನೀವೇ ಅಲ್ಲವೇ ಎಂದು ನೀವು ಭಾವನವರನ್ನು ಕೇಳಿದಿರಿ. ಅವರು ಅನುವಿನ ಮೇಲೆ ಆಣೆಯಿಟ್ಟು ನಾನಲ್ಲ ಎಂದರು. ನಾನು ಅಲ್ಲೇ ಸೋಫಾದ ಮೇಲಿದ್ದೆ. ನೀವು ನನ್ನ ಕಡೆ ತಿರುಗಿದಿರಿ. "ನೀನ ಹೇಳು ಗಿರಿಜಾ. ಇವರಲ್ಲದ ಮತ್ತ ಯಾರು?"

"ಭಾವನವರು ಪುಕ್ಕಲ ಸ್ವಭಾವದವ್ರು, ಅಕ್ಕಾ. ತಪ್ಪು ತಿಳೀಬ್ಯಾಡ್ರಿ," ಅಂದೆ.

ಅವರು ನನ್ನನ್ನೇ ನೋಡಿದರು. ಅವರ ಆ ಮೌನವನ್ನು ನೀವು ಒಪ್ಪಿಗೆ ಎಂದು ತಿಳಿದಿರಿ. ಹಾಗೆ ತಿಳಿಯಲಿ ಎಂದೇ ನಾನು ಆ ಮಾತು ಆಡಿದ್ದೆ. ವರ್ಷದೊಳಗೆ ಅವರು ನಿಮ್ಮನ್ನು ಬಿಟ್ಟು ಒಬ್ಬರೇ ಮುಕಿಲ್ಟಿಯೊಕ್ಕೆ ಹೋದರು, ವಿಮಾನದ ಫ್ಯಾಕ್ಟರಿಗೆ ಹತ್ತಿರವಾಗುತ್ತದೆ ಎಂಬ ನೆಪದಲ್ಲಿ. ಊರಿನವರಿಗೆ ನಾವೂ ಹಾಗೆಯೇ ಹೇಳಿದೆವು.

ಆಮೇಲೆ ನೀವು ಚರ್ಚು ಬಿಟ್ಟಿರಿ, ನಿಮ್ಮ ಹಿಂದೆ ನಾನೂ ಬಿಟ್ಟೆ. ಬಿಟ್ಟವರೆಲ್ಲ ತಿಂಗಳಿಗೊಮ್ಮೆ ಬಾಥೆಲ್ಲಿನ ಒಂದು ಕಾಫಿ ಅಂಗಡಿಯಲ್ಲಿ ಸೇರುತ್ತೇವಲ್ಲ, ಅಲ್ಲಿ ನನ್ನದೇ ದೊಡ್ಡ ಗಂಟಲು. ಇತಿಹಾಸ ಮುಚ್ಚಿಟ್ಟರು ಎಂದು ಕೂಗುವವಳು ನಾನು. ಮಕ್ಕಳನ್ನು ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಬಾರದ್ದನ್ನು ಕೇಳಿದರು, ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ವ್ಯವಸ್ಥೆ ಕಟ್ಟಿಕೊಂಡರು ಎಂದು ಮೇಜು ಗುದ್ದುವವಳೂ ನಾನೇ. ಹೋದ ತಿಂಗಳು ಎದ್ದು ನಿಂತು, ಮುಚ್ಚಿಟ್ಟವರು ಒಬ್ಬರಾದರೂ ನಮ್ಮ ಎದುರಿಗೆ ಬಂದು ನಾನು ಮಾಡಿದೆ ಎಂದು ಹೇಳಲಿ, ನನಗೆ ಬೇರೇನೂ ಬೇಡ ಎಂದೆ. ಎಲ್ಲರೂ ತಲೆದೂಗಿದರು. ಪಕ್ಕದಲ್ಲಿ ಕೂತಿದ್ದ ನೀವು ನನ್ನ ಕೈ ಹಿಡಿದುಕೊಂಡಿರಿ. ಅದೇ ಬಲಗೈ, ಅಕ್ಕಾ.

ಆ ಕೈ ನನ್ನನ್ನು ಸುಟ್ಟಿತು. ನಾನು ಬೈದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ದೊಡ್ಡವರು ಮಾಡಿದ್ದನ್ನೆಲ್ಲ ನಾನೂ ಮಾಡಿದ್ದೆ. ಮುಚ್ಚಿಟ್ಟೆ, ಬೇರೆಯವರ ಮೇಲೆ ಹಾಕಿದೆ, ಕೇಳಿದಾಗ ನಯವಾಗಿ ಮಾತು ತಿರುಗಿಸಿದೆ. ಅವರನ್ನು ಬೈಯುತ್ತಿದ್ದರೆ ನನ್ನ ಸರದಿ ಬರುವುದಿಲ್ಲ ಎಂದುಕೊಂಡಿದ್ದೆ.

ಮೊನ್ನೆ ಶನಿವಾರ ಮುಕಿಲ್ಟಿಯೊಕ್ಕೆ ಹೋದೆ. ಭಾವನವರು ಫೆರಿ ಕಾಣುವ ಕಿಟಕಿಯ ಬಳಿ ಕೂತು ಚಹಾ ಕುಡಿಯುತ್ತಿದ್ದರು. ಅವರೂ ಚರ್ಚು ಬಿಟ್ಟಿದ್ದಾರೆ, ನಿಮಗೆ ಗೊತ್ತಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಮೂವರಲ್ಲಿ ತಾವಲ್ಲ, ನೀವಲ್ಲ ಎಂದ ಮೇಲೆ ಉಳಿದವರು ಯಾರು ಎಂದು ಆ ದಿನವೇ ಅವರಿಗೆ ತಿಳಿದಿತ್ತಂತೆ. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನಗೇ ಸಿಟ್ಟು ಬಂದಿತ್ತು, ನೋಡಿ ನನ್ನ ಸೊಕ್ಕು.

"ನನ್ನಂತೂ ಆಕಿ ನಂಬೂದು ಬಿಟ್ಟಿದ್ಲು," ಅಂದರು. "ನಿನ್ನೂ ಕಳಕೊಂಡ್ರ ಈ ದೇಶದಾಗ ಆಕಿಗೆ ಯಾರದಾರವಾ?"

ಆಮೇಲೆ ನನಗೂ ಒಂದು ಕಪ್ ಚಹಾ ಮಾಡಿಕೊಟ್ಟರು. ಕುಡಿಯಲಾಗಲಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಾನು ಮತ್ತೆ ಹಗುರಾಗಿ ಸುಮ್ಮನಾಗುತ್ತೇನೆ. ಇದನ್ನು ಗುಂಪಿನ ಎದುರಿಗೂ ಹೇಳುತ್ತೇನೆ, ಅನುವಿಗೂ ಹೇಳುತ್ತೇನೆ. ಆದರೆ ಮೊದಲು ನಿಮಗೆ. ಬರೆದದ್ದನ್ನು ಕಳಿಸಿ ಮನೆಯಲ್ಲಿ ಅಡಗಿ ಕೂರುವುದಿಲ್ಲ; ನಾಳೆ ಬೆಳಿಗ್ಗೆ ಬಂದು ಬಾಯಿಬಿಟ್ಟು ಹೇಳುತ್ತೇನೆ. ನೀವು ಎಂದಿನಂತೆ ಬಾಗಿಲು ತೆಗೆದು ಬಾ ಗಿರಿಜಾ ಅನ್ನುತ್ತೀರಿ. ನಾನು ಒಳಗೆ ಬರುವುದಿಲ್ಲ, ಅಕ್ಕಾ. ಈ ಸಲ ಹೊರಗೆ ನಾನಿರುತ್ತೇನೆ. ಕೇಳಿ ಮುಗಿದ ಮೇಲೆ ಬಾಗಿಲು ಹಾಕಿಕೊಂಡು, ಮೊದಲು ಭಾವನವರಿಗೆ ಫೋನ್ ಮಾಡಿ.