ಮಂಜುಶ್ರೀಯ ಕಣ್ಣು

ಮೌನೇಶ ಉಳಿಯನ್ನು ಮೂರ್ತಿಯ ಕಣ್ಣಿನ ರೆಪ್ಪೆಗೆ ಇಟ್ಟೇಬಿಟ್ಟಿದ್ದ. ಏಟು ಚೂರು ತಪ್ಪಿದರೂ ಮುಖವೇ ಹೋಗುತ್ತಿತ್ತು.

ನಮ್ಮ ಮನೆಯ ಧ್ಯಾನದ ಮೂಲೆಗೆಂದು ಇಳಕಲ್ಲಿನ ಈ ಶಿಲ್ಪಿಗೆ ಮಂಜುಶ್ರೀಯ ಮೂರ್ತಿ ಮಾಡಲು ಹೇಳಿದ್ದೆ. ಬೌದ್ಧರ ಜ್ಞಾನದೇವತೆ ಅದು. ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಪುಸ್ತಕ. ಎಲ್ಲಾ ಭಾಳ ಚಂದ ಬಂದಿತ್ತು. ಆದರೆ ಅವನ ಅಂಗಳದಲ್ಲಿ ನೆಲದ ಮೇಲಿಟ್ಟ ಮೂರ್ತಿಯನ್ನು ನಿಂತು ನೋಡಿದರೆ ಕಣ್ಣು ಪೂರಾ ಮುಚ್ಚಿದ್ದವು.

“ಮೌನೇಶಾ, ದೇವರು ನಿದ್ದಿ ಹೊಡ್ಯಾಕತ್ತಾನಲ್ಲಪಾ!” ಅಂದೆ.

ನನ್ನ ಪಕ್ಕ ನಿಂತಿದ್ದ ಅವನಿಗೂ ಹಾಗೇ ಕಂಡಿತು. ಮುಖವನ್ನೆಲ್ಲ ಕಲ್ಲು ಅಂಗಾತ ಮಲಗಿಸಿಕೊಂಡೇ ಕೆತ್ತಿದ್ದ. ಎಬ್ಬಿಸಿ ಕೂಡಿಸಿದ್ದು ಅವತ್ತೇ ಮೊದಲು. “ತಪ್ಪಾತ್ರಿ ಅಕ್ಕಾರ, ಈಗ ಕಣ್ಣ ಬಿಡಸ್ತೇನಿ” ಅಂತ ಬಾಗಿದ್ದ.

ಅಷ್ಟರಲ್ಲಿ ಚಹಾ ತಂದ ಅವನ ತಾಯಿ, ಮೂರ್ತಿಯ ಎದುರೇ ಕುಕ್ಕರಗಾಲಿನಲ್ಲಿ ಕೂತು ಕಪ್ಪು ನೆಲಕ್ಕಿಟ್ಟು ತಲೆ ಎತ್ತಿದವರೇ ಚೀರಿದರು: “ಲೇ ಮೌನ್ಯಾ, ಕೈ ತಗಿ! ಅಂವ ನನ್ನ ನೋಡಾಕತ್ತಾನ!”

ನಾವಿಬ್ಬರೂ ಗಡಬಡಿಸಿ ಅವರ ಪಕ್ಕ ಕೂತೆವು. ಖರೆ. ನಿಂತಾಗ ಮುಚ್ಚಿದಂತೆ ಕಂಡ ರೆಪ್ಪೆಗಳ ಕೆಳಗಿನಿಂದ ಎರಡು ಶಾಂತ ಕಣ್ಣು ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದವು. ಮೌನೇಶ ಉಳಿ ಕೆಳಗಿಟ್ಟು, ತಾನೇ ಕೆತ್ತಿದ ಮುಖಕ್ಕೆ ಕೈ ಮುಗಿದ. ಚಹಾ ಆರಿಹೋಯಿತು.

ಈಗ ಬಾಗಲಕೋಟೆಯ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಆ ಮೂರ್ತಿಯ ಎದುರು ಕೂಡುತ್ತೇನೆ. ಮಣಕಾಲು ಬ್ಯಾಡ ಅಂತಾವ. ಆದರೆ ಕುರ್ಚಿಯ ಮೇಲೆ ಕೂತರೆ ಆ ನೋಟ ಸಿಗುವುದಿಲ್ಲ; ನೆಲಕ್ಕೇ ಇಳಿಯಬೇಕು.