ದೋಣಿಯ ಯಜಮಾನರು

ಯಾರಾದರೂ ಬಾಗಿಲಲ್ಲಿ ನಿಂತು "ಯಜಮಾನರು ಇದ್ದಾರಾ?" ಎಂದು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಕೇಳಿದವರ ತಪ್ಪಲ್ಲ. ಆಸ್ತಿಯ ಒಡೆಯನಿಗೂ ಹೆಂಗಸಿನ ಗಂಡನಿಗೂ ನಮ್ಮಲ್ಲಿ ಇರುವುದು ಅದೊಂದೇ ಮಾತು. ಆ ಮಾತಿನ ದೆಸೆಯಿಂದ ನಮ್ಮ ಅವ್ವನ ದೋಣಿ ಹಾಡಹಗಲಲ್ಲಿ ಕೈಬಿಟ್ಟು ಹೋಯಿತು. ಬೀಗ ಹಾಕಿದ್ದರೂ ಹೋಯಿತು ಎನ್ನುವುದಕ್ಕಿಂತ, ಬೀಗ ಹಾಕಿದ್ದರಿಂದಲೇ ಹೋಯಿತು ಎನ್ನುವುದು ಸರಿ.

ಹೊಳೆನರಸೀಪುರದಲ್ಲಿ ನಮ್ಮ ಮನೆ ಹೊಳೆಗೆ ಇಳಿಯುವ ದಾರಿಯಲ್ಲಿತ್ತು. ಸುತ್ತಿನ ಊರುಗಳಲ್ಲಿ ಎಲ್ಲರ ಹತ್ತಿರ ಇದ್ದದ್ದು ಹರಿಗೋಲು. ಅದನ್ನು ಒಬ್ಬನೇ ತಲೆಯ ಮೇಲೆ ಹೊತ್ತುಕೊಂಡು ಹೋಗಬಹುದು. ನಮ್ಮದು ಅಪ್ಪ ಮುತುವರ್ಜಿಯಿಂದ ಮಾಡಿಸಿದ ಹಲಗೆ ದೋಣಿ. ಹೊರುವಂಥದ್ದಲ್ಲ. ಆದ್ದರಿಂದ ಅದಕ್ಕೊಂದು ಗಾಡಿಯನ್ನೂ ಮಾಡಿಸಿದ್ದರು. ಎರಡು ಮರದ ಗಾಲಿ, ಎತ್ತು ಹೂಡಲು ಉದ್ದನೆಯ ಮೂಕಿ, ದೋಣಿಯ ತಳ ಕೂರುವ ಹಾಗೆ ಕಡೆದ ಎರಡು ಅಡ್ಡಪಟ್ಟಿ. ಮಳೆಗಾಲದಲ್ಲಿ ಹೇಮಾವತಿಯಲ್ಲಿ ಜನರನ್ನು ದಾಟಿಸುವುದು, ಆಮೇಲೆ ಯಾರು ಕರೆದರೆ ಅಲ್ಲಿಗೆ ಎತ್ತು ಕಟ್ಟಿ ಹೊರಡುವುದು. ಚನ್ನರಾಯಪಟ್ಟಣದ ಕೆರೆಗೂ ಹೋಗಿದ್ದುಂಟು. ಅಪ್ಪ ಹೋದ ಮೇಲೆ ದೋಣಿ ನೂಕುವ ಗಳ ಹಿಡಿದವಳು ಅವ್ವ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದು ಆ ಗಳದ ದುಡಿಮೆಯಲ್ಲಿ. ಆ ದೋಣಿಯೊಂದನ್ನು ಬಿಟ್ಟರೆ ಅವ್ವನದು ಎನ್ನುವಂಥದ್ದು ಬೇರೇನೂ ಇರಲಿಲ್ಲ. ಮನೆ ಕೂಡ ಚಿಕ್ಕಪ್ಪನ ಪಾಲಿನದು.

ದೋಣಿ ಕಳುವಾಗದಂತೆ ಅವ್ವನಿಗೆ ಒಂದು ಕ್ರಮವಿತ್ತು. ಗಾಡಿಯನ್ನು ಹೊಂಗೆ ಮರದಡಿ ನಿಲ್ಲಿಸಿದವಳೇ ಎರಡು ಗಾಲಿಯ ಕಡಾಣಿಯನ್ನೂ ಕಿತ್ತು ಮಡಿಲಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದಳು. ಕಡಾಣಿ ಎಂದರೆ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ, ಬೆರಳುದ್ದದ ಕಬ್ಬಿಣ. ಅದಿಲ್ಲದೆ ಎಳೆದರೆ ನಾಲ್ಕು ಮಾರಿನೊಳಗೆ ಗಾಲಿ ಒಂದು ಕಡೆ, ಗಾಡಿ ಒಂದು ಕಡೆ. ನಮ್ಮ ಕಡೆಯ ಗಾಡಿಯವರೆಲ್ಲ ಮಾಡುತ್ತಿದ್ದದ್ದೇ ಅದು.

ನಾನು ಚನ್ನರಾಯಪಟ್ಟಣದ ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಹೊಳೆಗಳ ಆಳ ಅಗಲ ಅಳೆಯುವ ತಂಡವೊಂದು ಬಂತು. ಮೊದಲು ಹೇಮಾವತಿ, ಆಮೇಲೆ ಕೊಣನೂರಿನ ಹತ್ತಿರ ಕಾವೇರಿ. ಅವರಿಗೆ ಗಾಡಿಯ ಮೇಲೆ ಹೋಗುವ ದೋಣಿಯೇ ಬೇಕಿತ್ತು. ಒಂದು ವರ್ಷಕ್ಕೆ ಸಾಲುವಷ್ಟು ಕೆಲಸ. ಆದರೆ ದೋಣಿಗೆ ವಿಮೆ ಇರಬೇಕು ಎಂದರು. ಹಾಸನದ ವಿಮೆ ಕಂಪನಿಯೊಂದರ ಇನ್ಸ್‌ಪೆಕ್ಟರು ಒಂದು ಭಾನುವಾರ ಕೊಡೆ ಹಿಡಿದುಕೊಂಡು ಬಂದರು. ನಾನು ಮನೆಯಲ್ಲಿದ್ದೆ.

"ಯಜಮಾನರನ್ನ ಕರೀರಿ."

"ಯಜಮಾನ್ರು ತೀರ್ಕೊಂಡ್ರು ಸ್ವಾಮಿ," ಎಂದಳು ಅವ್ವ.

"ಅಯ್ಯೋ ಪಾಪ. ನಾನು ಕೇಳಿದ್ದು ದೋಣಿಯ ಯಜಮಾನರನ್ನ."

"ಅದಕ್ಕೂ ಅವರೇ ಆಗಿದ್ರು. ಈಗ ನಾನು ಕಣ್ ಸ್ವಾಮಿ."

ಅವರು ನಕ್ಕರು. "ನೀವು ಯಜಮಾನರ ಹೆಂಡತಿ, ಸರಿ. ನನಗೆ ಬೇಕಾಗಿರೋದು ಯಜಮಾನರು."

ಕಡಾಣಿಯ ವಿಷಯ ಹೇಳಿದ್ದಕ್ಕೂ ನಕ್ಕರು. ಕಂಪನಿಯ ಷರತ್ತುಗಳೇ ಬೇರೆ ಇದ್ದವು. ಗಾಲಿಯ ಅರಗಳ ನಡುವೆ ತೂರಿಸಿ ಮರಕ್ಕೆ ಸುತ್ತುವಂಥ ಕಬ್ಬಿಣದ ಸರಪಳಿ. ಅದಕ್ಕೆ ಒಳ್ಳೆಯ ಬೀಗ. ದೋಣಿಯ ಮಗ್ಗುಲಿಗೆ ಯಜಮಾನರ ಹೆಸರು. ಬೀಗದ ಕೈ ಎರಡೂ ಯಜಮಾನರ ವಶದಲ್ಲಿ. ನಾನು ಇಂಗ್ಲಿಷಿನಲ್ಲಿದ್ದ ಷರತ್ತುಗಳನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದೆ. ವಿಮೆ ಮಾಡಿಸಿದವರು ಗಂಡಸೇ ಆಗಿರಬೇಕೆಂದು ಎಲ್ಲಿಯೂ ಇರಲಿಲ್ಲ. ಹಾಗೆಂದು ಹೇಳಿದೆ.

"ನೀವು ಓದಿದವರಮ್ಮ, ಇಂಗ್ಲಿಷ್ ಇರೋ ಹಾಗೆ ಓದ್ತೀರಿ. ನಡೆಯೋ ರೀತಿ ನಮಗೆ ಗೊತ್ತು," ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ. ಕಂಬಕ್ಕೆ ಹೇಳಿದಂತೆ ಹೇಳಿದರು.

ಅಷ್ಟು ಹೊತ್ತಿಗೆ ಪಕ್ಕದ ಮನೆಯಿಂದ ಚಿಕ್ಕಪ್ಪ ಬಿಳಿ ಪಂಚೆ ಉಟ್ಟುಕೊಂಡು ಬಂದು ನಿಂತರು. ಅಪ್ಪನ ತಮ್ಮ. ಜನ್ಮದಲ್ಲಿ ಗಳ ಮುಟ್ಟಿದವರಲ್ಲ. ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದ ಹಾಗಾಯಿತು. ಎದ್ದು ನಿಂತು ಕೈ ಮುಗಿದರು. ನಮಗೆ ಮುಗಿದಿರಲಿಲ್ಲ.

"ನನ್ ಮೈದುನ," ಎಂದಳು ಅವ್ವ.

"ನೋಡಿ, ಮನೇಲಿ ಗಂಡಸರು ಇದ್ದಾರಲ್ಲ! ಇವರನ್ನೇ ಯಜಮಾನರು ಅಂತ ಬರ್ಕೋತೀನಿ. ನಿಮಗೂ ನಿಶ್ಚಿಂತೆ."

"ಹೆಸರಿಗೆ ತಾನೆ ಅತ್ಗೆ," ಎಂದರು ಚಿಕ್ಕಪ್ಪ. "ನೀನು ನಾನು ಬ್ಯಾರೆನಾ?"

ಬೇಡವೆಂದು ನಾನು ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕಡೆ ನೋಡಿದಳು, ಹೊಂಗೆ ಮರದ ಕಡೆ ನೋಡಿದಳು. ವಿಮೆ ಇಲ್ಲವೆಂದರೆ ಕೆಲಸವಿಲ್ಲ. ಚಿಕ್ಕಪ್ಪ ಯಜಮಾನರ ಜಾಗದಲ್ಲಿ ರುಜು ಹಾಕಿದರು. ಕೆಳಗೆ ಸಾಕ್ಷಿಯ ಜಾಗದಲ್ಲಿ ಅವ್ವ, ನಾನು ಕಲಿಸಿಕೊಟ್ಟಿದ್ದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ತನ್ನ ಹೆಸರು ಬರೆದಳು. ತನ್ನ ದೋಣಿ ಇನ್ನೊಬ್ಬರದು ಎನ್ನುವುದಕ್ಕೆ ಅವಳೇ ಸಾಕ್ಷಿ. ಅವಳು ಅಕ್ಷರ ಕಲಿತು ಮೊದಲು ಬರೆದದ್ದು ಅಲ್ಲಿ. ಅದನ್ನು ನೆನೆದಾಗಲೆಲ್ಲ ನನಗೆ ಅಕ್ಷರ ಕಲಿಸಿದ್ದರ ಮೇಲಲ್ಲ, ಆ ಕೊಡೆಯ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ.

ಸರಪಳಿ, ಬೀಗ ಹಾಸನದಿಂದ ಬಂದವು. ದೋಣಿಯ ಮಗ್ಗುಲಿಗೆ ಬಿಳಿ ಬಣ್ಣದಲ್ಲಿ ಚಿಕ್ಕಪ್ಪನ ಹೆಸರು ಬಂತು. ಬೀಗದ ಕೈ ಅವರ ಉಡಿದಾರಕ್ಕೆ ಹೋಯಿತು. ಹೊಳೆಗೆ ಇಳಿಯುವಾಗಲೆಲ್ಲ ಅವ್ವ ಅವರ ಬಾಗಿಲಿಗೆ ಹೋಗಿ "ಬೀಗ ತಗ್ದುಕೊಡಪ್ಪ" ಎಂದು ನಿಲ್ಲಬೇಕು. ಅವರು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬರುವವರೆಗೆ ಕಾಯಬೇಕು. ಸರಪಳಿ ಗಾಲಿಯನ್ನೇ ಬಿಗಿದಿರುತ್ತಿದ್ದರಿಂದ ಕಡಾಣಿ ಕೀಳುವುದನ್ನು ಅವ್ವ ಬಿಟ್ಟಳು. ಹೇಮಾವತಿಯ ಅಳತೆ ಅವ್ವನ ದೋಣಿಯಲ್ಲೇ ಮುಗಿಯಿತು. ಕೊಣನೂರಿಗೆ ಹೊರಡುವುದೊಂದು ಬಾಕಿ.

ಅಷ್ಟರಲ್ಲಿ ದುದ್ದದಲ್ಲಿದ್ದ ದೊಡ್ಡವ್ವನಿಗೆ ಜ್ವರವೆಂದು ಅವ್ವ ನೋಡಲು ಹೋದಳು. ಶನಿವಾರ ನಾನು ಚನ್ನರಾಯಪಟ್ಟಣದಿಂದ, ಅವಳು ದುದ್ದದಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆ ಸೇರಿದೆವು. ಹೊಂಗೆ ಮರದ ಕೆಳಗೆ ದೋಣಿಯೂ ಇಲ್ಲ, ಸರಪಳಿಯೂ ಇಲ್ಲ. ಎದುರು ಮನೆಯಾಕೆ ಓಡಿಬಂದಳು.

"ನಿನ್ ಮೈದುನ ಎತ್ತು ಕಟ್ಕೊಂಡು ಓದ ಕಣಕ್ಕಾ. ಕೊಣನೂರ್ಗಂತೆ. ಬೀಗದ ಕೈನಾಗೆ ತಗ್ದ, ನೀನೇ ಕಳಿಸ್ದೆ ಅಂದ್ಕಂಡೆ. ಸರಪಳಿ ಕುಯ್ದಿದ್ರೆ ಕೂಗ್ಕತಿದ್ದೆ."

ಚಿಕ್ಕಪ್ಪನ ಮನೆಯಲ್ಲಿ ಚಿಕ್ಕಮ್ಮ ಬಾಗಿಲನ್ನು ಅರ್ಧ ತೆರೆದು ಮಾತಾಡಿದಳು. ದೋಣಿ ಇನ್ನು ಮೇಲೆ ಅವರೇ ನಡೆಸುತ್ತಾರಂತೆ, ಹೆಸರು ಅವರದೇ ಇದೆಯಂತೆ, ಅವ್ವನಿಗೆ ವಯಸ್ಸಾಯಿತಂತೆ.

ಪೊಲೀಸ್ ಸ್ಟೇಷನ್ನಿಗೆ ಹೋದೆವು. ಅಲ್ಲಿ ಬರೆದುಕೊಳ್ಳುವವರು ಪೆನ್ನನ್ನೇ ಎತ್ತಲಿಲ್ಲ. "ಮನೆ ವಿಷಯ ಮನೇಲಿ ಮಾತಾಡ್ಕೊಳ್ಳಿ. ಯಜಮಾನರು ಇಲ್ವಾ?" ಎಂದರು. ಅಲ್ಲಿಯೂ ಅದೇ ಮಾತು.

ಸೋಮವಾರ ರಜೆ ಹಾಕಿ ಹಾಸನಕ್ಕೆ ಹೋದೆ. ವಿಮೆಯ ಇನ್ಸ್‌ಪೆಕ್ಟರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಕಾಫಿ ಮುಟ್ಟದೆ ನಡೆದದ್ದನ್ನು ಹೇಳಿದೆ. ಅವರು ಕಾಗದ ತೆಗೆಸಿ ನೋಡಿದರು.

"ಬೀಗ ಒಡೆದಿದೆಯಾ?"

"ಇಲ್ಲ."

"ಸರಪಳಿ?"

"ಅದನ್ನೂ ತೆಗೆದುಕೊಂಡು ಹೋಗಿದ್ದಾರೆ."

"ಯಜಮಾನರೇ ತಮ್ಮ ವಶದಲ್ಲಿರೋ ಬೀಗದ ಕೈಯಿಂದ ತೆಗೆದು, ತಮ್ಮ ಹೆಸರಿರೋ ದೋಣಿ ತಗೊಂಡು ಹೋಗಿದ್ದಾರೆ. ಇದು ಕಳವು ಹೇಗಾಗುತ್ತಮ್ಮ?"

"ಯಜಮಾನರು ಅಂತ ಬರೆದವರು ನೀವು."

"ಸಾಕ್ಷಿ ಹಾಕಿದವರು ನಿಮ್ಮ ತಾಯಿ."

ಅವರು ದನಿ ಏರಿಸಲಿಲ್ಲ. ನಾನೂ ಏರಿಸಲಿಲ್ಲ. ಏರಿಸಬೇಕಿತ್ತೇನೋ. ಕಳ್ಳನಿಗೆ ಬೀಗದ ಕೈ ಕೊಡದಿದ್ದರೆ ವಿಮೆ ಇಲ್ಲ. ಕೊಟ್ಟ ಮೇಲೆ ಅದು ಕಳವಲ್ಲ. ಇದನ್ನು ಇಷ್ಟು ನಯವಾಗಿ, ಕಾಫಿ ಆರುತ್ತದೆ ಕುಡಿಯಿರಿ ಎನ್ನುತ್ತ ಹೇಳಬಲ್ಲವರೊಂದಿಗೆ ಜಗಳವಾಡಲು ನನ್ನ ಓದು ನನಗೆ ಕಲಿಸಿರಲಿಲ್ಲ. ಬಸ್ಸಿನಲ್ಲಿ ಕುಳಿತು ಊರು ಬರುವವರೆಗೂ ಅವರಿಗೆ ಹೇಳಬೇಕಾಗಿದ್ದ ಮಾತುಗಳು ಒಂದರ ಹಿಂದೊಂದು ಬಂದವು.

ಅವ್ವ ಎಲ್ಲ ಕೇಳಿಸಿಕೊಂಡಳು. "ಕೊಣನೂರ್ ಸಂತೆ ಯಾವತ್ತು?" ಎಂದಷ್ಟೇ ಕೇಳಿದಳು.

ಸಂತೆಯ ದಿನ ಸುತ್ತಿನ ಗಾಡಿಗಳೆಲ್ಲ ಸಂತೆಮಾಳದಲ್ಲಿ ಸೇರುತ್ತವೆ. ಆ ದಿನ ಅರಕಲಗೂಡಿನ ಮೇಲೆ ಬಸ್ಸಿನಲ್ಲಿ ಹೋದೆವು. ಸಂತೆಮಾಳದ ಕೊನೆಯಲ್ಲಿ, ಗಾಡಿಗಳೆಲ್ಲ ನಿಂತಿದ್ದ ಕಡೆ, ನಮ್ಮ ದೋಣಿಯೂ ತನ್ನ ಗಾಡಿಯ ಮೇಲೆ ಕೂತಿತ್ತು. ಎತ್ತುಗಳನ್ನು ಬಿಚ್ಚಿ ಮೇವು ಹಾಕಿದ್ದರು. ಸರಪಳಿಯನ್ನು ಗಾಲಿಗೂ ಹುಣಸೆಮರಕ್ಕೂ ಸುತ್ತಿ, ಷರತ್ತಿನಲ್ಲಿದ್ದಂತೆಯೇ ಬೀಗ ಹಾಕಿತ್ತು. ಚಿಕ್ಕಪ್ಪ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿರುವುದು ಕಾಣುತ್ತಿತ್ತು. ನಾನು ಅವರ ಕಡೆ ಹೊರಟೆ. ಅವ್ವ ನನ್ನ ರಟ್ಟೆ ಹಿಡಿದಳು. ಬಗ್ಗಿ ಒಂದು ಕಲ್ಲು ಎತ್ತಿಕೊಂಡು ಈ ಗಾಲಿಗೆ ಎರಡೇಟು, ಆ ಗಾಲಿಗೆ ಎರಡೇಟು ಹಾಕಿದಳು. ಎರಡು ಕಡಾಣಿಯನ್ನೂ ಮಡಿಲಿಗೆ ಹಾಕಿಕೊಂಡು ಪಕ್ಕದ ಬಂಡೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು.

ಚಿಕ್ಕಪ್ಪ ಬಂದರು. ಜೊತೆಗೆ ಅಳತೆಯ ತಂಡದ ಓವರ್‌ಸಿಯರು. ನಮ್ಮನ್ನು ಕಂಡು ಚಿಕ್ಕಪ್ಪನ ಮುಖ ಒಂದು ಗಳಿಗೆ ಪೆಚ್ಚಾಯಿತು. ಮರುಗಳಿಗೆ ನನ್ನ ಕಡೆ ತಿರುಗಿ, "ಓ, ಬಿ.ಎ. ಅಮ್ಮಣ್ಣಿ! ಸ್ಕೂಲಿಲ್ವಾ ಇವತ್ತು? ಮಕ್ಳು ದಡ್ರಾಯ್ತಾರೆ ಕಣವ್ವ, ಓಗು," ಎಂದರು. ಅವರು ಉಡಿದಾರದಿಂದ ಬೀಗದ ಕೈ ತೆಗೆದು, ಎಲ್ಲರಿಗೂ ಕಾಣುವಂತೆ ಬೀಗ ತೆಗೆದು, ಸರಪಳಿ ಸುತ್ತಿಟ್ಟು, ಎತ್ತು ಕಟ್ಟಿ "ಹೈ" ಎಂದರು.

ಗಾಡಿ ನಾಲ್ಕು ಮಾರು ಹೋಯಿತು. ಬಲಗಾಲಿ ಕಳಚಿಕೊಂಡು ಮೆಣಸಿನಕಾಯಿ ರಾಶಿಯ ಕಡೆ ಉರುಳಿತು. ದೋಣಿ ವಾಲಿ ನೆಲಕ್ಕೆ ಬಡಿಯಿತು. ಹಲಗೆಯೊಂದು ಸಿಡಿದ ಸದ್ದಿಗೆ ಅವ್ವ ಕಣ್ಣು ಮುಚ್ಚಿಕೊಂಡಳು.

"ಅತ್ಗೆ, ಕಡಾಣಿ ಕೊಡು. ಜನ ನೋಡ್ತಾವ್ರೆ."

"ಯಜಮಾನ್ರ ತಾವ ಇರ್ಬೇಕಲ್ಲಪ್ಪಾ. ಉಡ್ಕಿ ನೋಡು."

ಕಡಾಣಿ ಬಿದ್ದುಹೋದರೆ ಗಾಡಿಯವರು ಒಬ್ಬರಿಗೊಬ್ಬರು ಕೊಡುವುದು ವಾಡಿಕೆ. ಇಲ್ಲವೆನ್ನುವವರಿಲ್ಲ. ಚಿಕ್ಕಪ್ಪ ಸಾಲಿನಲ್ಲಿದ್ದ ಮೊದಲ ಗಾಡಿಯ ಮುದುಕನ ಹತ್ತಿರ ಹೋದರು.

"ಒಂದ್ ಜೊತೆ ಕಡಾಣಿ ಕೊಡಣ್ಣ, ಸಂಜೀಕೆ ತಂದ್ಕೊಡ್ತೀನಿ."

"ನಿಂದೇನಾಯ್ತಲಾ?"

"ಅತ್ಗೆ ಮಡ್ಲಲ್ಲಿ ಅದೆ."

"ಅಂಗಾರೆ ಅವಳ್ನೇ ಕೇಳು. ಮನೆ ಎಂಗ್ಸು ಕಿತ್ಕೊಂಡಿರೋ ಕಡಾಣಿಗೆ ನಾನು ಬದ್ಲು ಕೊಟ್ಟೆ ಅಂತ ಗೊತ್ತಾದ್ರೆ ನಮ್ಮನೇಲಿ ನಂಗೆ ಮುದ್ದೆ ಉಟ್ಟಾಕಿಲ್ಲ."

ಎರಡನೆಯ ಗಾಡಿಯವನೂ ತಲೆ ಅಲ್ಲಾಡಿಸಿದ. ಮೂರನೆಯವನು, "ಬೀಗದ ಕೈ ಅದ್ಯಲ್ಲ ಗುರುವೇ, ಅದ್ನೇ ಸಿಕ್ಕಿಸ್ಕೊ!" ಎಂದ. ಗಾಡಿಸಾಲು ಪೂರ್ತಿ ನಕ್ಕಿತು. ಮೆಣಸಿನಕಾಯಿಯವಳು ಸೆರಗು ಬಾಯಿಗಿಟ್ಟುಕೊಂಡಳು.

ಓವರ್‌ಸಿಯರಿಗೆ ಬೇಸರ ಬಂದಿತ್ತು. "ಇದರ ಯಜಮಾನರು ಯಾರ್ರೀ? ಹೆಸರು ಇವರದೇ ಇದೆಯಲ್ಲ?"

"ಹೆಸರು ಅವನ್ದು ಸ್ವಾಮಿ. ದೋಣಿ ನಂದು," ಎಂದಳು ಅವ್ವ.

"ನಿಮ್ಮ ಜಗಳ ನೀವೇ ನೋಡ್ಕೊಳ್ಳಿ," ಎಂದು ಅವರು ಹೊಳೆಯ ಕಡೆ ನಡೆದರು. ಆ ಮಧ್ಯಾಹ್ನವೇ ಹರಿಗೋಲೊಂದನ್ನು ಗೊತ್ತು ಮಾಡಿಕೊಂಡರಂತೆ. ಕಾವೇರಿಯ ಅಳತೆಯೆಲ್ಲ ಹರಿಗೋಲಿನಲ್ಲೇ ನಡೆಯಿತು. ಅದಕ್ಕೆ ವಿಮೆಯೂ ಇರಲಿಲ್ಲ, ಬೀಗವೂ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ಕೇಳದೆಯೂ ನಡೆಯುತ್ತಿತ್ತು ಎಂದಾದರೆ ನಮ್ಮನ್ನೇಕೆ ಕೇಳಿದರು?

ಕೆಲಸವಿಲ್ಲದ ದೋಣಿ ಚಿಕ್ಕಪ್ಪನಿಗೆ ಬೇಕಿರಲಿಲ್ಲ. ಎತ್ತು ಬಿಚ್ಚಿಕೊಂಡು, ಬೀಗದ ಕೈಗಳನ್ನು ಅವ್ವನ ಕಾಲ ಬಳಿ ಎಸೆದು ಹೋದರು. ಅವ್ವ ಅವನ್ನು ಎತ್ತಿಕೊಳ್ಳಲಿಲ್ಲ. ನಾನು ಎತ್ತಿಕೊಂಡೆ. ಗಾಡಿಯ ಮುದುಕ ಬಂದು ಉರುಳಿದ್ದ ಗಾಲಿಯನ್ನು ಅಚ್ಚಿಗೆ ಏರಿಸಿ, "ಈಗ ಕೊಡು ಯಜಮಾನ್ತವ್ವ," ಎಂದು ಕೈ ಚಾಚಿದ. ಅವ್ವ ಕಡಾಣಿ ಕೊಟ್ಟಳು. ಅರಕಲಗೂಡಿನವರೆಗೆ ತನ್ನ ಎತ್ತುಗಳನ್ನೇ ಕಟ್ಟಿಕೊಂಡು ಬಂದ. ಅಲ್ಲಿಂದಾಚೆಗೆ ಬಾಡಿಗೆ ಎತ್ತು ಸಿಕ್ಕವು.

ಊರಿಗೆ ಬಂದ ಮೇಲೆ ಅವ್ವ ಒಡೆದ ಹಲಗೆ ಬದಲಿಸಿ, ತಳಕ್ಕೆ ಬಳಿಯುವ ಟಾರನ್ನು ಮಗ್ಗುಲಿಗೂ ಬಳಿದಳು. ಬಿಳಿ ಅಕ್ಷರಗಳು ಮುಚ್ಚಿಹೋದವು. ಅಲ್ಲಿ ಅವಳ ಹೆಸರು ಬರೆಯುತ್ತೇನೆಂದೆ. "ಯಾಕವ್ವ? ನೀರಿಗೆ ಓದಕ್ಕೆ ಬತ್ತದಾ?" ಎಂದಳು. ಸರಪಳಿ ಮನೆಯ ಎಮ್ಮೆ ಕಟ್ಟಲು ಆಯಿತು.

ವರ್ಷ ತುಂಬಿದಾಗ ವಿಮೆ ನವೀಕರಿಸಬೇಕೆಂದು ಹಾಸನದಿಂದ ಕಾಗದ ಬಂತು. ಮೇಲೆ ಚಿಕ್ಕಪ್ಪನ ಹೆಸರು, ಹಿಂದೆ 'ಯಜಮಾನರು' ಎಂಬ ಮರ್ಯಾದೆ. ನಾನು ಹರಿಯಲು ಹೋದೆ. ಅವ್ವ ಕಸಿದುಕೊಂಡು ಪಕ್ಕದ ಮನೆಯ ಕಿಟಕಿಯೊಳಗೆ ಹಾಕಿ ಬಂದಳು. "ಯಜಮಾನ್ರು ಕಟ್ಕೊಳ್ಳಿ," ಎಂದಳು.

ಅಂದಿನಿಂದ ಒಂದು ಕಡಾಣಿ ಅವಳ ಹತ್ತಿರ, ಇನ್ನೊಂದು ನನ್ನ ಹತ್ತಿರ. ಊರ ಹೊಳೆಯ ಕೆಲಸವಿದ್ದ ವಾರ ದೋಣಿ ನೀರಿನಲ್ಲೇ ಉಳಿಯುತ್ತಿತ್ತು, ದೂರದ ಊರಿಗೆ ಹೋಗಬೇಕೆಂದರೆ ಶನಿವಾರ ನಾನು ಬರುವವರೆಗೂ ಗಾಡಿ ಕದಲುವಂತಿರಲಿಲ್ಲ. ಒಮ್ಮೆ ನಾನು ಪಾಠ ಮಾಡುತ್ತಿದ್ದಾಗ ಸೀಮೆಸುಣ್ಣ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಕಡಾಣಿ ಕೈಗೆ ಬಂತು. ಹುಡುಗಿಯೊಬ್ಬಳು ಅದೇನೆಂದು ಕೇಳಿದಳು.

"ನಮ್ಮ ದೋಣಿಯದು," ಎಂದೆ.